ಬೆಟ್ಟದ ಮೆಟ್ಟಿಲು, ಮಣಿಕಟ್ಟಿನ ಲೆಕ್ಕ

ಮೈಸೂರಿನ ವರ್ತಕ ಸಮುದಾಯಕ್ಕೂ ಚಾಮುಂಡಿ ಬೆಟ್ಟಕ್ಕೂ ಇರುವ ನಂಟು ಹೊಸತೇನಲ್ಲ. ಆಷಾಢ ಶುಕ್ರವಾರಗಳಂದು ನಸುಕಿನಲ್ಲಿಯೇ ಪಾದದಿಂದ ಮೆಟ್ಟಿಲೇರಿ, ದೇವಿಯ ದರ್ಶನ ಪಡೆದು, ಇಳಿದು ಬಂದು ಅಂಗಡಿಯ ಬಾಗಿಲು ತೆರೆಯುವ ಪರಿಪಾಠ ಅನೇಕ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ನಿರ್ಮಾಣಗೊಂಡ ಸಾವಿರದಷ್ಟು ಮೆಟ್ಟಿಲುಗಳು, ಅವುಗಳ ನಡುವೆ ಸುಮಾರು 700ನೆಯ ಮೆಟ್ಟಿಲಿನ ಬಳಿ ಕುಳಿತಿರುವ ಏಕಶಿಲಾ ನಂದಿ, ಇವು ಊರಿನವರಿಗೆಲ್ಲ ಪರಿಚಿತ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಏರುವ ದೃಶ್ಯವೂ ಪರಿಚಿತವೇ. ಈಚಿನ ಕೆಲವು ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ದೃಶ್ಯ ಸೇರಿಕೊಂಡಿದೆ. ನಂದಿಯ ಬಳಿ ನಿಂತು ಬೆವರೊರೆಸಿಕೊಳ್ಳುವವರಲ್ಲಿ ಹಲವರು ಮೊದಲು ಕೈ ಮುಗಿದು, ಅನಂತರ ಅದೇ ಕೈಯ ಮಣಿಕಟ್ಟನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಎಷ್ಟು ಹೆಜ್ಜೆ, ಎಷ್ಟು ಹೃದಯ ಬಡಿತ, ಎಷ್ಟು ಕ್ಯಾಲೊರಿ ಎಂಬ ಲೆಕ್ಕ ಅಲ್ಲಿ ಮೂಡಿರುತ್ತದೆ.

ಫಿಟ್‌ನೆಸ್ ಬ್ಯಾಂಡ್ ಅಥವಾ ಸ್ಮಾರ್ಟ್ ವಾಚ್ ಎಂದು ಕರೆಯಲಾಗುವ ಈ ಸಾಧನವನ್ನು ಕೊಂಡವರ ಸಂಖ್ಯೆ ದೊಡ್ಡದು. ಕೊಂಡು, ಮೂರು ತಿಂಗಳ ನಂತರ ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾಯರಿಗೆ ಸೇರಿಸಿದವರ ಸಂಖ್ಯೆಯೂ ಕಡಿಮೆಯಿರಲಾರದು. ಅದರಿಂದ ನಿಜಕ್ಕೂ ಪ್ರಯೋಜನವಿದೆಯೇ, ಇದ್ದರೆ ಅದನ್ನು ಪಡೆಯುವ ಬಗೆ ಯಾವುದು ಎಂಬುದನ್ನು ವ್ಯಾಪಾರಸ್ಥರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕುಳಿತು ನಡೆಸುವ ವ್ಯವಹಾರದ ವೆಚ್ಚ

ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾದ ಮುಂದೆ ಕುಳಿತ ವರ್ತಕರು ರಾತ್ರಿ ಒಂಬತ್ತಕ್ಕೆ ಏಳುವುದು ಸಾಮಾನ್ಯ. ಊಟವೂ ಅಲ್ಲಿಯೇ. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಹತ್ತಾರು ಕೆಲಸಗಾರರನ್ನಿಟ್ಟುಕೊಂಡು ಘಟಕ ನಡೆಸುವವರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಕಚ್ಚಾ ಸಾಮಗ್ರಿ ಕೊಳ್ಳುವವರು, ಬ್ಯಾಂಕಿಗೆ ಹೋಗುವವರು, ಬಾಕಿ ವಸೂಲಿ ಮಾಡುವವರು ಎಲ್ಲ ಒಬ್ಬರೇ ಆಗಿದ್ದರೂ ಇವೆಲ್ಲ ನಡೆಯುವುದು ವಾಹನದ ಮೇಲೆ ಅಥವಾ ಫೋನಿನಲ್ಲಿ. ದೊಡ್ಡ ಸಂಸ್ಥೆಯ ಅಧಿಕಾರಿಯೊಬ್ಬರು ಒಂದು ತಿಂಗಳು ಹಾಸಿಗೆ ಹಿಡಿದರೆ ಸಂಸ್ಥೆ ನಡೆಯುತ್ತದೆ. ಮಾಲೀಕರೇ ಸರ್ವಸ್ವವಾಗಿರುವ ಅಂಗಡಿಯಲ್ಲಿ ಆ ಒಂದು ತಿಂಗಳು ಸಾಲದ ಕಂತು, ಬಾಡಿಗೆ, ಕೆಲಸಗಾರರ ಸಂಬಳ ಎಲ್ಲವೂ ನಿಂತುಹೋಗುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿದೆ. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ನೆರೆದ ಜನಸಂದಣಿ ಇನ್ನೂ ನೆನಪಿನಿಂದ ಮಾಸಿಲ್ಲ. ಭಯದಿಂದ ಒಂದು ದಿನ ತಪಾಸಣೆಗೆ ಹೋಗುವುದು ಸುಲಭ. ದಿನವೂ ಅರ್ಧ ಗಂಟೆ ನಡೆಯುವುದು ಕಷ್ಟ. ಈ ಸಾಧನದ ಉಪಯೋಗವನ್ನು ಅಳೆಯಬೇಕಾದದ್ದು ಆ ಎರಡನೆಯ ಕೆಲಸದಲ್ಲಿ.

ಹತ್ತು ಸಾವಿರ ಎಲ್ಲಿಂದ ಬಂತು?

ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಇದು ವೈದ್ಯಶಾಸ್ತ್ರದ ಗ್ರಂಥದಿಂದ ಬಂದುದಲ್ಲ ಎಂಬುದನ್ನು ವ್ಯಾಪಾರ ಬಲ್ಲವರು ಕುತೂಹಲದಿಂದ ಗಮನಿಸಬಹುದು. ಟೋಕಿಯೊ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಕಂಪನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರು ‘ಮಾನ್ಪೊ-ಕೆಯ್’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಸರಕಿಗೆ ಇಟ್ಟ ಹೆಸರು ಕಾಲಕ್ರಮದಲ್ಲಿ ಆರೋಗ್ಯದ ಗುರಿಯಾಗಿ ಜಗತ್ತನ್ನೆಲ್ಲ ಸುತ್ತಿತು. ಇಷ್ಟು ದೀರ್ಘಕಾಲ ಬಾಳಿದ ಜಾಹೀರಾತು ಪದ ಇನ್ನೊಂದು ಇದೆಯೋ ಇಲ್ಲವೋ.

ಆನಂತರದ ಸಂಶೋಧನೆಗಳು ಹೇಳುವ ಸಂಖ್ಯೆ ಇದಕ್ಕಿಂತ ಕಡಿಮೆ. ಅಮೆರಿಕದ ವೃದ್ಧ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ. 2025ರಲ್ಲಿ ‘ಲ್ಯಾನ್ಸೆಟ್’ ಸಮೂಹದ ಪತ್ರಿಕೆಯಲ್ಲಿ ಬಂದ ಸಮಗ್ರ ವಿಶ್ಲೇಷಣೆಯೂ 7,000 ಹೆಜ್ಜೆಯನ್ನು ಸಾಧ್ಯವಾದ ಹಾಗೂ ಸಾರ್ಥಕವಾದ ಗುರಿಯೆಂದು ಎತ್ತಿ ಹೇಳಿದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವು ಮೊಬೈಲ್ ಫೋನುಗಳ ಮಾಹಿತಿಯನ್ನು ಆಧರಿಸಿ ಮಾಡಿದ ಲೆಕ್ಕದಲ್ಲಿ ಭಾರತೀಯರ ದೈನಂದಿನ ಸರಾಸರಿ 4,297 ಹೆಜ್ಜೆ ಎಂದಿತ್ತು. ಅಂಥವರ ಮುಂದೆ ಹತ್ತು ಸಾವಿರವನ್ನು ಇಟ್ಟರೆ ಮೊದಲ ವಾರವೇ ಸೋಲು ಖಚಿತ. ಡ್ರಾಯರಿಗೆ ಸೇರಿದ ಪಟ್ಟಿಗಳಲ್ಲಿ ಅನೇಕವು ಹೀಗೆ ಸೋತವರವೇ ಇರಬೇಕು.

ಸಾಧನದ ಒಳಗೆ

ಹಳೆಯ ಹೆಜ್ಜೆಮಾಪಕದಲ್ಲಿ ಸ್ಪ್ರಿಂಗಿಗೆ ತೂಗುಬಿಟ್ಟ ಚಿಕ್ಕ ತೂಕವೊಂದು ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಆಡುತ್ತಿತ್ತು. ಇಂದಿನ ಪಟ್ಟಿಗಳಲ್ಲಿ ಆ ಕೆಲಸವನ್ನು ಸಾಸಿವೆಗಿಂತ ತುಸು ದೊಡ್ಡದಾದ ಸಿಲಿಕಾನ್ ಚಿಪ್ ಮಾಡುತ್ತದೆ. ಇದು ಮೂರು ದಿಕ್ಕುಗಳಲ್ಲಿ ಆಗುವ ವೇಗದ ಏರಿಳಿತವನ್ನು ಗ್ರಹಿಸುತ್ತದೆ. ಆ ಏರಿಳಿತದಲ್ಲಿ ನಡಿಗೆಯ ಲಯ ಕಂಡಾಗ ಹೆಜ್ಜೆಯೆಂದು ಎಣಿಸುತ್ತದೆ. ತಳಭಾಗದಲ್ಲಿ ಮಿನುಗುವ ಹಸಿರು ಬೆಳಕು ಚರ್ಮದ ಮೂಲಕ ರಕ್ತನಾಳಗಳನ್ನು ತಲುಪುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೂ ಹಿಂದಿರುಗುವ ಬೆಳಕಿನ ಪ್ರಮಾಣ ಬದಲಾಗುತ್ತದೆ. ಅದನ್ನು ಎಣಿಸಿದರೆ ಹೃದಯ ಬಡಿತ ದೊರೆಯುತ್ತದೆ. ಬೆಲೆ ಹೆಚ್ಚಿನ ಕೆಲವು ಮಾದರಿಗಳಲ್ಲಿ ವಾಯುಭಾರ ಮಾಪಕವೂ ಇರುತ್ತದೆ. ಚಾಮುಂಡಿ ಬೆಟ್ಟದಂತಹ ಎತ್ತರದಲ್ಲಿ ಸುಮಾರು 9 ಮೀಟರ್ ಏರಿದರೆ ಗಾಳಿಯ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿಯುತ್ತದೆ. ಅದರಿಂದ ಎಷ್ಟು ಮಹಡಿ ಏರಿದಂತಾಯಿತೆಂದು ಲೆಕ್ಕ ಹಾಕಬಹುದು.

ಈ ಬಗೆಯ ಸಾಧನಗಳ ಇತಿಹಾಸ ಚಿಕ್ಕದು. ಅಮೆರಿಕದ ಫಿಟ್‌ಬಿಟ್ ಕಂಪನಿಯ ಮೊದಲ ಸಾಧನ 2009ರಲ್ಲಿ ಹೊರಬಂತು. ಚೀನಾದ ಶಿಯೋಮಿ 2014ರಲ್ಲಿ ಅಗ್ಗದ ಪಟ್ಟಿಯನ್ನು ತಂದ ಮೇಲೆ ಇದು ಸಾಮಾನ್ಯರ ಕೈಗೆಟುಕಿತು. ನೆರೆಯ ಹೊಸೂರಿನಲ್ಲಿ ಕಾರ್ಖಾನೆ ಹೊಂದಿರುವ ಟೈಟಾನ್ ಕಂಪನಿಯು 2017ರಲ್ಲಿ ಫಾಸ್ಟ್‌ಟ್ರ್ಯಾಕ್ ಹೆಸರಿನಡಿ ಇದೇ ಮಾರುಕಟ್ಟೆಗೆ ಇಳಿಯಿತು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯನ್ನು ಬಲ್ಲ ಹಿರಿಯರಿಗೆ, ಕೀಲಿ ಕೊಟ್ಟರೆ ನಡೆಯುತ್ತಿದ್ದ ಆ ಗಡಿಯಾರದ ಜಾಗದಲ್ಲಿ ಈಗ ಮಾಲೀಕರನ್ನೇ ನಡೆ ಎನ್ನುವ ಯಂತ್ರ ಬಂದು ಕುಳಿತಿರುವುದು ವಿನೋದವಾಗಿ ಕಂಡೀತು. ಎಚ್‌ಎಂಟಿಯ ಗಡಿಯಾರ ಘಟಕಗಳನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು.

ಉದ್ಯೋಗಕ್ಕೆ ತಕ್ಕ ದೋಷ

ಯಂತ್ರ ಎಣಿಸುವುದು ಕೈಯ ಚಲನೆಯನ್ನು, ಕಾಲಿನದನ್ನಲ್ಲ. ಈ ಒಂದು ಸಂಗತಿಯನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಜವಳಿ ಅಂಗಡಿಯಲ್ಲಿ ಕುಳಿತಲ್ಲಿಯೇ ಬಟ್ಟೆ ಬಿಚ್ಚಿ, ಅಳೆದು, ಮಡಿಸುವವರ ಕೈ ಲಯಬದ್ಧವಾಗಿ ಆಡುವುದರಿಂದ ಒಂದು ಹೆಜ್ಜೆಯನ್ನೂ ಇಡದೆ ನೂರಾರು ಹೆಜ್ಜೆ ಜಮೆಯಾಗಬಹುದು. ಕೈಯಿಂದ ಊದುಬತ್ತಿ ಹೊಸೆಯುವವರಿಗೂ ಇದೇ ಅನುಭವವಾದೀತು. ಇದಕ್ಕೆ ವಿರುದ್ಧವಾಗಿ, ಗೋದಾಮಿನಲ್ಲಿ ಎರಡೂ ಕೈಗಳಿಂದ ಕೈಗಾಡಿ ತಳ್ಳುತ್ತ ನಿಜವಾಗಿಯೂ ಒಂದು ಕಿಲೋಮೀಟರ್ ನಡೆದವರ ಖಾತೆಯಲ್ಲಿ ಅದರ ಬಹುಪಾಲು ಕಾಣಿಸದಿರಬಹುದು, ಏಕೆಂದರೆ ಅವರ ಮಣಿಕಟ್ಟು ಆಡಿರುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ನಡೆದರೂ ಹೀಗೆಯೇ. ಹಲವು ಸಾಧನಗಳು ಸತತವಾಗಿ ಕೆಲವು ಹೆಜ್ಜೆ ಇಟ್ಟ ಬಳಿಕವೇ ಎಣಿಕೆ ಆರಂಭಿಸುವುದರಿಂದ, ಗಲ್ಲಾದಿಂದ ಕಪಾಟಿಗೆ, ಕಪಾಟಿನಿಂದ ಗಲ್ಲಾಕ್ಕೆ ಎಂದು ನಾಲ್ಕೈದು ಹೆಜ್ಜೆಗಳಲ್ಲಿ ಓಡಾಡುವವರ ಶ್ರಮ ಲೆಕ್ಕಕ್ಕೆ ಬರುವುದಿಲ್ಲ. ಸೊಂಟಕ್ಕೆ ಅಥವಾ ಜೇಬಿಗೆ ಹಾಕಿಕೊಳ್ಳುವ ಮಾದರಿ ಇಂಥವರಿಗೆ ಮೇಲು. ಜೇಬಿನಲ್ಲಿಟ್ಟ ಮೊಬೈಲ್ ಫೋನೂ ಹೆಜ್ಜೆ ಎಣಿಸಬಲ್ಲುದಾದ್ದರಿಂದ ಹಣ ಖರ್ಚು ಮಾಡದೆಯೇ ಮೊದಲ ತಿಂಗಳ ಪರೀಕ್ಷೆ ನಡೆಸಬಹುದು.

ಹೃದಯ ಬಡಿತದ ಅಂಕಿ ತಕ್ಕಮಟ್ಟಿಗೆ ನಂಬಲರ್ಹ, ಕ್ಯಾಲೊರಿಯ ಅಂಕಿ ಅಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳು ಹೃದಯ ಬಡಿತವನ್ನು ಶೇ. 5ರ ಒಳಗಿನ ದೋಷದಲ್ಲಿ ತೋರಿಸಿದವು. ವ್ಯಯವಾದ ಶಕ್ತಿಯ ಲೆಕ್ಕದಲ್ಲಿ ಮಾತ್ರ ಅತ್ಯುತ್ತಮವೆನಿಸಿದ ಸಾಧನದ ಸರಾಸರಿ ದೋಷವೇ ಶೇ. 27ರಷ್ಟಿತ್ತು. ತಕ್ಕಡಿಯಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಕಾನೂನು ಮಾಪನ ಇಲಾಖೆಯವರು ಅಂಗಡಿಗೆ ಬೀಗ ಹಾಕಿಸಿಯಾರು.

ಬೆಟ್ಟದ ವಿಚಾರದಲ್ಲಿ ಇನ್ನೂ ಒಂದು ಅನ್ಯಾಯವಿದೆ. ಸಾವಿರ ಮೆಟ್ಟಿಲು ಏರಿದರೆ, ನಡುನಡುವಿನ ಅಗಲವಾದ ಹಾಸುಗಳ ಮೇಲಿನ ನಡಿಗೆ ಸೇರಿ, ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಹೆಜ್ಜೆ ದಾಖಲಾಗುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ಹತ್ತು ಹನ್ನೆರಡು ನಿಮಿಷ ಅಂಗಡಿಗಳನ್ನು ನೋಡುತ್ತ ಅಡ್ಡಾಡಿದರೂ ಅಷ್ಟೇ ಸಿಗುತ್ತದೆ. ಆದರೆ ಮೆಟ್ಟಿಲೇರುವಾಗ ದೇಹ ಪಡುವ ಶ್ರಮ ಸಮತಟ್ಟಿನ ನಡಿಗೆಯ ಎರಡು ಪಟ್ಟಿಗೂ ಮಿಗಿಲು. 70 ಕಿಲೋ ತೂಕದವರು 100 ಮೀಟರ್ ಎತ್ತರಕ್ಕೆ ಏರಿದಾಗ ದೇಹವನ್ನು ಎತ್ತುವ ಕೆಲಸಕ್ಕೇ ಸುಮಾರು 16 ಕಿಲೋಕ್ಯಾಲೊರಿ ಬೇಕು. ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ಐದರಲ್ಲೊಂದು ಅಥವಾ ನಾಲ್ಕರಲ್ಲೊಂದು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸುವುದರಿಂದ ನಿಜವಾದ ವ್ಯಯ 65ರಿಂದ 80 ಕಿಲೋಕ್ಯಾಲೊರಿ. ಹೆಜ್ಜೆಯ ಎಣಿಕೆ ಇದನ್ನು ಕಾಣಲಾರದು. ಆದ್ದರಿಂದ ಬೆಟ್ಟಕ್ಕೆ ಹೋದ ದಿನ ಹೆಜ್ಜೆಗಳನ್ನು ಬಿಟ್ಟು, ಸಮಯ ಮತ್ತು ಹೃದಯ ಬಡಿತವನ್ನು ನೋಡುವುದು ಯುಕ್ತ. ಇಳಿದು ಬಂದು ತಿನ್ನುವ ಬೆಣ್ಣೆ ಸುರಿದ ಒಂದು ಮಸಾಲೆ ದೋಸೆ ಈ ಜಮೆಯನ್ನೆಲ್ಲ ಖರ್ಚು ಬರೆದುಬಿಡುತ್ತದೆ ಎಂಬುದು ಬೇರೆ ಮಾತು.

ಉತ್ಸಾಹ ಉಳಿಯುವುದು ಹೇಗೆ?

ಹೆಜ್ಜೆಮಾಪಕ ಧರಿಸಿದವರ ಬಗ್ಗೆ ನಡೆದ 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಪ್ರಕಟಿಸಿದ ವಿಮರ್ಶೆಯಂತೆ, ಅದನ್ನು ಧರಿಸಿದವರ ಚಟುವಟಿಕೆ ಮೊದಲಿಗಿಂತ ಸುಮಾರು ಶೇ. 27ರಷ್ಟು ಹೆಚ್ಚಿತು. ಹೆಚ್ಚಳಕ್ಕೆ ಮುಖ್ಯ ಕಾರಣವೆಂದು ಕಂಡುಬಂದದ್ದು ನಿಶ್ಚಿತ ಗುರಿ. ಗುರಿಯಿಲ್ಲದೆ ಕೇವಲ ಸಾಧನ ಧರಿಸಿದವರಲ್ಲಿ ಅಂತಹ ಸುಧಾರಣೆ ಕಾಣಲಿಲ್ಲ.

ಇದು ಒಂದು ಮುಖ. ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತೂಕ ಇಳಿಸಿಕೊಳ್ಳಬಯಸಿದ 471 ಯುವಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಸಾಧನ ಧರಿಸಿದ ಗುಂಪು ಸರಾಸರಿ 3.5 ಕಿಲೋ ಇಳಿಸಿದರೆ, ಸಾಧನವಿಲ್ಲದೆ ತಾವೇ ದಾಖಲೆ ಇಟ್ಟುಕೊಂಡ ಗುಂಪು 5.9 ಕಿಲೋ ಇಳಿಸಿತು. ಯಂತ್ರ ಲೆಕ್ಕ ಇಡುತ್ತದೆ ಎಂದಾಗ ಮನುಷ್ಯ ತಾನು ಲೆಕ್ಕ ನೋಡುವುದನ್ನು ಬಿಡುತ್ತಾನೆಯೇ? ಲೆಕ್ಕಪತ್ರವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿ, ಶಿಲ್ಕು ಎಷ್ಟಿದೆಯೆಂದು ತಿಂಗಳುಗಟ್ಟಲೆ ನೋಡದೆ ಕುಳಿತ ವರ್ತಕರನ್ನು ಬಲ್ಲವರಿಗೆ ಇದು ಅಸಂಭವವೆನಿಸಲಾರದು.

ಹೀಗಾಗಿ ಸಾಧನವನ್ನು ರೋಕಡ ಪುಸ್ತಕದಂತೆ ಬಳಸುವುದೇ ಸರಿಯಾದ ಮಾರ್ಗ. ಮೊದಲ ವಾರ ಯಾವ ಗುರಿಯನ್ನೂ ಇಟ್ಟುಕೊಳ್ಳದೆ, ಎಂದಿನಂತೆ ಅಂಗಡಿ ನಡೆಸುತ್ತ, ದಿನವೂ ರಾತ್ರಿ ಬಾಗಿಲು ಹಾಕುವಾಗ ಆ ದಿನದ ಹೆಜ್ಜೆಯನ್ನು ಬರೆದಿಡಬೇಕು. ಏಳು ದಿನದ ಸರಾಸರಿಯೇ ಆರಂಭಿಕ ಶಿಲ್ಕು. ಅದು 3,200 ಆದರೆ ನಾಚಿಕೊಳ್ಳಬೇಕಾದ್ದಿಲ್ಲ. ಮುಂದಿನ ಎರಡು ವಾರಕ್ಕೆ 4,000, ಅದು ರೂಢಿಯಾದ ಮೇಲೆ 4,800, ಹೀಗೆ ಏರುತ್ತ ಮೂರು ನಾಲ್ಕು ತಿಂಗಳಲ್ಲಿ 7,000 ತಲುಪುವುದು ಕಾರ್ಯಸಾಧ್ಯ. ಚುರುಕಾದ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಬೀಳುವುದರಿಂದ ಅರ್ಧ ಗಂಟೆಗೆ 3,000 ಸಿಗುತ್ತದೆ. ಈ ಅರ್ಧ ಗಂಟೆ ಒಟ್ಟಿಗೆ ಸಿಗಬೇಕೆಂದೇನೂ ಇಲ್ಲ. ಬ್ಯಾಂಕಿಗೆ ಸ್ಕೂಟರ್ ಬಿಟ್ಟು ನಡೆದು ಹೋಗುವುದು, ವಾಹನವನ್ನು ಅಂಗಡಿಯ ಬಾಗಿಲಿಗೆ ತರದೆ ಎರಡು ಬೀದಿ ಆಚೆ ನಿಲ್ಲಿಸುವುದು, ಸರಬರಾಜುದಾರರೊಡನೆ ಫೋನಿನಲ್ಲಿ ಚೌಕಾಸಿ ಮಾಡುವಾಗ ಕುರ್ಚಿಯಿಂದ ಎದ್ದು ಓಡಾಡುವುದು, ಇವುಗಳಿಂದಲೇ ಬಹಳಷ್ಟು ಹೊಂದುತ್ತದೆ. ಸಂಜೆ ನಾಲ್ಕು ಗಂಟೆಗೆ ಒಮ್ಮೆ ಅಂಕಿ ನೋಡುವ ಅಭ್ಯಾಸ ವಿಶೇಷವಾಗಿ ಉಪಯುಕ್ತ. ಆಗ ಕೊರತೆ ಕಂಡರೆ ತುಂಬಲು ಸಮಯವಿರುತ್ತದೆ. ಮಲಗುವ ಮುನ್ನ ನೋಡಿದರೆ ಪಶ್ಚಾತ್ತಾಪವೊಂದೇ ಉಳಿಯುವುದು.

ದಸರಾ, ದೀಪಾವಳಿಯ ವ್ಯಾಪಾರದ ದಿನಗಳಲ್ಲಿ, ಮಾರ್ಚ್ ಕೊನೆಯ ಲೆಕ್ಕಪತ್ರದ ಗಡಿಬಿಡಿಯಲ್ಲಿ ಗುರಿ ತಪ್ಪುವುದು ಸಹಜ. ಅನೇಕ ಸಾಧನಗಳು ‘ಸತತ ಇಷ್ಟು ದಿನ’ ಎಂದು ಸರಪಳಿ ತೋರಿಸುತ್ತವೆ. ಒಂದು ದಿನ ಅದು ಕಡಿದಾಗ ಉತ್ಸಾಹವೂ ಕಡಿದುಹೋಗುತ್ತದೆ. ವ್ಯಾಪಾರದಲ್ಲಿ ಒಂದು ದಿನದ ಮಂದಿಯಿಂದ ಯಾರೂ ಅಂಗಡಿ ಮುಚ್ಚುವುದಿಲ್ಲ. ವಾರದ ಮೊತ್ತವನ್ನು ಗುರಿಯಾಗಿಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರದ ಲೆಕ್ಕದಲ್ಲಿಯೇ, 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೆಂದು ಹೇಳುತ್ತದೆ.

ಬೆಟ್ಟ ಏರುವ ಮುನ್ನ

ಸಮತಟ್ಟಿನಲ್ಲಿ ಎರಡು ಮೂರು ತಿಂಗಳು ನಡೆದು ರೂಢಿಯಾಗದೆ, ಸ್ನೇಹಿತರ ಪಂದ್ಯಕ್ಕೆ ಬಿದ್ದು ಒಮ್ಮೆಲೇ ಬೆಟ್ಟ ಹತ್ತುವುದು ವಿವೇಕವಲ್ಲ. ಗರಿಷ್ಠ ಹೃದಯ ಬಡಿತವನ್ನು 220ರಿಂದ ವಯಸ್ಸನ್ನು ಕಳೆದು ಸ್ಥೂಲವಾಗಿ ಅಂದಾಜಿಸುವುದು ರೂಢಿ. 50 ವಯಸ್ಸಿನವರಿಗೆ ಅದು 170. ಇದರ ಶೇ. 50ರಿಂದ 70, ಅಂದರೆ 85ರಿಂದ 119, ಮಧ್ಯಮ ಶ್ರಮ. ಮೆಟ್ಟಿಲುಗಳ ಮೇಲೆ ಈ ಮಿತಿಯನ್ನು ದಾಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಂಕಿ ಏನೇ ಇರಲಿ, ಜೊತೆಯವರೊಡನೆ ಒಂದು ಪೂರ್ಣ ವಾಕ್ಯ ಮಾತನಾಡಲು ಉಸಿರು ಸಾಲದಿದ್ದರೆ ನಿಲ್ಲಬೇಕು. ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಪಟ್ಟಿ ಸರಿಯಾಗಿದೆ ಎನ್ನುತ್ತಿದ್ದರೂ ಅದನ್ನು ನಂಬದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಸಾಧನಗಳು ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರಲ್ಲಿ ಬಡಿತವು ಔಷಧದಿಂದಲೇ ತಗ್ಗಿರುವುದರಿಂದ ಮೇಲಿನ ಲೆಕ್ಕ ಅವರಿಗೆ ಅನ್ವಯಿಸದು.

ಮಧುಮೇಹಿಗಳು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಹರಕೆಯ ಕಾರಣದಿಂದ ಬರಿಗಾಲಿನಲ್ಲಿ ಮೆಟ್ಟಿಲೇರುವವರು ಬಹಳ. ಮಧುಮೇಹ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಕಲ್ಲು ಚುಚ್ಚಿದ್ದು, ಬಿಸಿಲಿಗೆ ಕಾದ ಮೆಟ್ಟಿಲು ಸುಟ್ಟದ್ದು ಗೊತ್ತಾಗದೆ ಹುಣ್ಣಾಗಿ, ಮುಂದೆ ಬೆರಳು ಕಳೆದುಕೊಳ್ಳುವವರೆಗೂ ಹೋಗಬಹುದು. ಅಂಥವರು ವೈದ್ಯರನ್ನು ಕೇಳದೆ ಬರಿಗಾಲಿನ ಹರಕೆ ಹೊರಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರಬೇಕು. ಮಂಡಿ ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಏರಿ ದರ್ಶನ ಮಾಡಿ, ನಗರ ಸಾರಿಗೆ ಬಸ್ಸಿನಲ್ಲಿ ಇಳಿದು ಬಂದರೆ ಯಾರೂ ಆಕ್ಷೇಪಿಸುವುದಿಲ್ಲ.

ಕೆಲಸಗಾರರಿಗೆ ಕೊಡಬೇಕೆಂದಿದ್ದರೆ

ದೀಪಾವಳಿಯ ಉಡುಗೊರೆಯಾಗಿ ಸಿಬ್ಬಂದಿಗೆ ಇಂತಹ ಪಟ್ಟಿ ಹಂಚುವ ಪದ್ಧತಿ ಸಣ್ಣ ಘಟಕಗಳಿಗೂ ಬರಬಹುದು. ಸಿಂಗಪುರದಲ್ಲಿ 800 ಉದ್ಯೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಹೆಜ್ಜೆಗೆ ತಕ್ಕಂತೆ ನಗದು ಬಹುಮಾನ ಕೊಟ್ಟಷ್ಟು ಕಾಲ ಅವರ ಚಟುವಟಿಕೆ ಏರಿತು. ಬಹುಮಾನ ನಿಂತ ಮೇಲೆ ಆ ಏರಿಕೆ ಉಳಿಯಲಿಲ್ಲ. ವರ್ಷದ ಕೊನೆಯಲ್ಲಿ ತೂಕ, ರಕ್ತದೊತ್ತಡಗಳಲ್ಲಿ ಸುಧಾರಣೆಯೂ ಕಾಣಲಿಲ್ಲ. ಹಣಕ್ಕಿಂತ, ಮಧ್ಯಾಹ್ನದ ಊಟದ ನಂತರ ಹದಿನೈದು ನಿಮಿಷ ನಡೆಯಲು ಬಿಡುವು ಕೊಡುವುದು ಕಡಿಮೆ ಖರ್ಚಿನದು. ಕೊಟ್ಟ ಪಟ್ಟಿಯ ಮಾಹಿತಿಯನ್ನು ಮಾಲೀಕರು ತಮ್ಮ ಫೋನಿಗೆ ತರಿಸಿಕೊಳ್ಳುವುದು ಮಾತ್ರ ಸರ್ವಥಾ ಸಲ್ಲದು. ಯಾರು ಎಷ್ಟು ಹೊತ್ತು ಮಲಗಿದರು, ಯಾರ ಹೃದಯ ಹೇಗೆ ಬಡಿಯುತ್ತಿದೆ ಎಂಬುದು ಅವರವರ ಸ್ವಂತ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಇಂತಹ ಮಾಹಿತಿಯ ಬಳಕೆಯಲ್ಲಿ ಸಮ್ಮತಿಗೆ ಮಹತ್ವ ನೀಡಿದೆ. ಯಂತ್ರಗಳ ಬಳಿ ಕೆಲಸ ಮಾಡುವವರು ಮಣಿಕಟ್ಟಿಗೆ ಏನನ್ನೂ ಕಟ್ಟಿಕೊಳ್ಳಬಾರದೆಂಬ ಸುರಕ್ಷತಾ ನಿಯಮವೂ ಇದೆ. ಲೇತ್, ಡ್ರಿಲ್ಲಿಂಗ್ ಯಂತ್ರಗಳ ಮುಂದೆ ಈ ಪಟ್ಟಿ ಕೈಗೇ ಅಪಾಯ ತರುತ್ತದೆ.

ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ರಸೀದಿ, ವಾರಂಟಿ ಇವನ್ನು ನೋಡಿಕೊಂಡರೆ ಸಾಕು. ರಕ್ತದ ಸಕ್ಕರೆಯನ್ನು ಸೂಜಿಯಿಲ್ಲದೆ ಅಳೆಯುತ್ತದೆ ಎಂದು ಹೇಳಿ ಮಾರುವ ಗಡಿಯಾರಗಳನ್ನು ಕೊಳ್ಳಬಾರದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2024ರಲ್ಲಿ ಇವುಗಳ ವಿರುದ್ಧ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿದೆ. ಅವುಗಳ ಅಂಕಿಯನ್ನು ನಂಬಿ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಪ್ರಾಣಕ್ಕೇ ಸಂಚಕಾರ.

ಬೆಟ್ಟಕ್ಕೆ ನಿಯಮಿತವಾಗಿ ಹೋಗುವವರು ಒಂದು ಸರಳ ದಾಖಲೆ ಇಡಬಹುದು. ಪಾದದಲ್ಲಿ ಹೊರಟ ಸಮಯ, ನಂದಿಯನ್ನು ತಲುಪಿದ ಸಮಯ, ತಲುಪಿದಾಗಿನ ಹೃದಯ ಬಡಿತ, ಅಲ್ಲಿ ಎರಡು ನಿಮಿಷ ನಿಂತ ನಂತರದ ಬಡಿತ, ಈ ನಾಲ್ಕನ್ನು ಬರೆದಿಟ್ಟುಕೊಳ್ಳಬೇಕು. ದೇಹ ಪಳಗಿದಂತೆ ಎರಡು ನಿಮಿಷದಲ್ಲಿ ಬಡಿತ ಇಳಿಯುವ ಪ್ರಮಾಣ ಹೆಚ್ಚುತ್ತದೆ. ಮೊದಲ ಆಷಾಢ ಶುಕ್ರವಾರ 150ರಿಂದ 130ಕ್ಕೆ ಇಳಿದದ್ದು ಕಾರ್ತಿಕದ ಹೊತ್ತಿಗೆ 140ರಿಂದ 105ಕ್ಕೆ ಇಳಿಯುವಂತಾದರೆ, ಆ ವ್ಯತ್ಯಾಸವನ್ನು ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತೋರಿಸಬಹುದು.